ಗಾಜಿನ ನೆಂಟನನ್ನು ಬಿಡಿಸುವ ಬಗೆ

ಮಂಠಾಳದ ಕಡೆಯ ಹಳೆಯ ಮನೆಗಳ ಬಚ್ಚಲಲ್ಲಿ ಕಾಲಡಿಗೆ ಶಹಾಬಾದ್ ಫರಸಿ ಇರುತ್ತದೆ. ಈಚೆಗೆ ಅದೇ ಬಚ್ಚಲಿಗೆ ಬಿಳಿ ಬೇಸಿನ್ ಬಂದಿದೆ, ಮಿರುಗುವ ನಳ ಬಂದಿದೆ. ಗೋಡೆಗೂ ಬೇಸಿನ್ನಿಗೂ ನಡುವಿನ ಸಂದಿಯಲ್ಲಿ ಗೌಂಡಿ ಸಿಲಿಕೋನ್ ಎಳೆದು ಹೋಗಿರುತ್ತಾನೆ. ನಾಲ್ಕಾರು ಮಳೆಗಾಲ ಕಳೆಯುವಷ್ಟರಲ್ಲಿ ಆ ಪಟ್ಟಿ ಕಪ್ಪಾಗುತ್ತದೆ. ಬೂಷ್ಟು ಒಳಗೇ ಇಳಿದಿರುವುದರಿಂದ ತಿಕ್ಕಿದರೆ ಹೋಗುವುದಿಲ್ಲ, ಪಟ್ಟಿಯನ್ನೇ ಕೀಳಬೇಕು. ಆಗ ಕೈ ಹೋಗುವುದು ಮೂಲೆಯಲ್ಲಿರುವ ಆ್ಯಸಿಡ್ ಬಾಟಲಿಗೆ. ದಯವಿಟ್ಟು ಅದನ್ನು ಮುಟ್ಟಬೇಡಿ.

ಆ್ಯಸಿಡ್ಡಿಗೆ ಸಿಲಿಕೋನ್ ಜಗ್ಗುವುದಿಲ್ಲ, ಹಾಳಾಗುವುದು ಅದರ ಸುತ್ತಲಿನದು. ಶಹಾಬಾದ್ ಫರಸಿ ಸುಣ್ಣದ ಕಲ್ಲು. ಹನಿ ಬಿದ್ದಲ್ಲಿ ನೊರೆಯೆದ್ದು ಕಲ್ಲಿನ ಮೈ ಸವೆಯುತ್ತದೆ. ನಳದ ಹೊಳಪು ಕ್ರೋಮಿಯಂನದು. ಆ ಪದರ ಸಾಮಾನ್ಯವಾಗಿ ಒಂದು ಮೈಕ್ರಾನಿಗಿಂತಲೂ ತೆಳು. ತಲೆಗೂದಲೇ ಸುಮಾರು 70 ಮೈಕ್ರಾನ್ ದಪ್ಪ. ಬಚ್ಚಲು ತೊಳೆಯುವ ಹೈಡ್ರೋಕ್ಲೋರಿಕ್ ಆಮ್ಲ ಆ ಕ್ರೋಮಿಯಂ ಪದರವನ್ನು ತಿಂದುಹಾಕಿದ ಮೇಲೆ ಯಾವ ಪಾಲಿಶೂ ಅದನ್ನು ಮರಳಿ ತರಲಾರದು. ಬ್ಲೀಚಿಂಗ್ ಪುಡಿ ಚೆಲ್ಲಿದ ನೆಲದ ಮೇಲೆ ಆ್ಯಸಿಡ್ ಸುರಿದರಂತೂ ಏಳುವುದು ಕ್ಲೋರಿನ್ ಅನಿಲ. ಕಿಟಕಿಯಿಲ್ಲದ ಬಚ್ಚಲಲ್ಲಿ ಅದು ಜೀವಕ್ಕೇ ಸಂಚಕಾರ.

ಸಿಲಿಕೋನ್ ಇಷ್ಟು ಹಟಮಾರಿ ಯಾಕೆ? ಮಾಂಜ್ರಾ ಹೊಳೆಯ ಮರಳನ್ನು ನೆನೆಯಿರಿ. ಅದರಲ್ಲಿ ಸಿಲಿಕಾನ್ ಮತ್ತು ಆಮ್ಲಜನಕದ ಪರಮಾಣುಗಳು ಒಂದನ್ನೊಂದು ಬಿಗಿದು ಹಿಡಿದಿವೆ. ಗಾಜಿನಲ್ಲೂ, ಬೇಸಿನ್ನಿನ ಹೊಳೆಯುವ ಮೈಯಲ್ಲೂ ಇರುವುದು ಅದೇ ಜೋಡಿ. ಸಿಲಿಕೋನಿನ ಬೆನ್ನೆಲುಬು ಕೂಡ ಅದೇ. ಮಗ್ಗುಲಿಗೆ ಇಂಗಾಲದ ಸಣ್ಣ ಗುಂಪುಗಳು ತಗಲಿಕೊಂಡಿರುವುದರಿಂದ ಅದು ರಬ್ಬರಿನಂತೆ ಬಾಗುತ್ತದೆ. ಹೀಗೆ ಬೇಸಿನ್ನಿಗೂ ಅದಕ್ಕೂ ರಕ್ತಸಂಬಂಧವಿದೆ. ಟ್ಯೂಬಿನಿಂದ ಹೊರಬಿದ್ದಾಗ ಅದು ಗಾಳಿಯ ತೇವ ಹೀರಿ, ಸರಪಳಿಗೆ ಸರಪಳಿ ಹೆಣೆದುಕೊಂಡು, ಒಂದೇ ದೊಡ್ಡ ಬಲೆಯಾಗುತ್ತದೆ. ಕೆಲವು ಬಗೆಯ ಸಿಲಿಕೋನಿನಲ್ಲಿ ಆ ಹೊತ್ತಿಗೆ ಮೂಗಿಗೆ ಬಡಿಯುವ ಸಿರ್ಕಾದ ವಾಸನೆ, ಹೊರಬೀಳುತ್ತಿರುವ ಅಸಿಟಿಕ್ ಆಮ್ಲದ್ದು.

ಬಲೆಯನ್ನು ನೀರಿನಲ್ಲಿ ಕರಗಿಸಲಾಗದು, ಸ್ಪಿರಿಟ್ಟಿನಲ್ಲೂ ಆಗದು. ಟರ್ಪೆಂಟೈನ್ ಅಥವಾ ಚಿಮಣಿ ಎಣ್ಣೆ ಮಾತ್ರ ಅದರ ಕಣ್ಣುಗಳೊಳಗೆ ನುಗ್ಗಿ ಅದನ್ನು ಉಬ್ಬಿಸಿ ದುರ್ಬಲಗೊಳಿಸುತ್ತದೆ. ಅದೂ ಕೊನೆಗೆ ಉಳಿಯುವ ತೆಳು ಪೊರೆಗೆ ಸಾಕಾಗುವಷ್ಟು, ಪ್ಲಾಸ್ಟಿಕ್ಕಿಗೆ ತಾಗದಂತೆ, ಕಿಟಕಿ ತೆರೆದು, ಬೆಂಕಿ ದೂರವಿಟ್ಟು.

ನಿಜವಾದ ಕೆಲಸ ಮಾಡುವುದು ಬ್ಲೇಡು ಮತ್ತು ಎಳೆತ. ಸೋಪಿನ ನೀರು ಹಚ್ಚಿ, ಬ್ಲೇಡನ್ನು ಬೇಸಿನ್ನಿನ ಮೈಗೆ ಬಹುತೇಕ ಒರಗಿಸಿ ಹಿಡಿದು, ಪಟ್ಟಿಯ ಎರಡೂ ಅಂಚು ಬಿಡಿಸಿ. ನಿಲ್ಲಿಸಿ ಹಿಡಿದರೆ ತುದಿ ಕೆರೆಯುತ್ತದೆ. ನಳದ ಬಳಿಯೂ ಪ್ಲಾಸ್ಟಿಕ್ ಟಬ್ಬಿನ ಮೇಲೂ ಬ್ಲೇಡೇ ಬೇಡ, ಅವಧಿ ಮುಗಿದ ಎಟಿಎಂ ಕಾರ್ಡು ಸಾಕು. ಆಮೇಲೆ ಪಟ್ಟಿಯ ತುದಿ ಹಿಡಿದು, ಬಂದ ದಾರಿಗೇ ಹಿಂದಕ್ಕೆ ಮಡಚಿ, ನಿಧಾನವಾಗಿ ಎಳೆಯಿರಿ. ಹೀಗೆ ಸುಲಿದಾಗ ನಿಮ್ಮ ಬಲವೆಲ್ಲ ಪಟ್ಟಿ ಬಿಡುತ್ತಿರುವ ಒಂದು ಗೆರೆಯ ಮೇಲೆ ಬೀಳುತ್ತದೆ. ನೇರ ಮೇಲಕ್ಕೆ ಎಳೆಯಲು ಬೇಕಾದ ಬಲದ ಸುಮಾರು ಅರ್ಧ, ಪೂರ್ತಿ ಮಡಚಿ ಎಳೆದರೆ ಸಾಕು ಎನ್ನುತ್ತದೆ ಲೆಕ್ಕ. ಅವಸರ ಮಾಡಿದರೆ ಪಟ್ಟಿ ಹರಿಯುತ್ತದೆ.

ನಳದ ಬುಡದಲ್ಲಿ ಕಲ್ಲಿನಂತೆ ಗಟ್ಟಿಯಾಗಿರುವ ಬೂದು ಮುದ್ದೆ ಬೇರೆ ಜಾತಿ. ಅದು ಎರಡು ಉಂಡೆ ಕಲಸಿ ಮೆತ್ತುವ ಎಪಾಕ್ಸಿ. ಸಿಲಿಕೋನ್ 200 ಡಿಗ್ರಿ ಸೆಲ್ಸಿಯಸ್ಸಿಗೂ ಬಗ್ಗದು, ಎಪಾಕ್ಸಿ ಮಾತ್ರ ಬಿಸಿಗೆ ಮೆತ್ತಗಾಗುತ್ತದೆ. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಮತ್ತೆ ಮತ್ತೆ ಸುತ್ತಿ. ಕುದಿನೀರನ್ನು ನೇರ ಸುರಿದರೆ ಬೇಸಿನ್ ಬಿರುಕು ಬಿಟ್ಟೀತು.

ಹಳೆಯ ಸಿಲಿಕೋನಿನ ಮೇಲೆ ಹೊಸದು ಕೂರುವುದಿಲ್ಲ, ಆದ್ದರಿಂದ ಪೊರೆ ಉಳಿದಿಲ್ಲವೆಂದು ನೋಡಲೇಬೇಕು. ಸೋಪಿನಿಂದ ತೊಳೆದು ಒಂದು ಹನಿ ನೀರು ಬಿಡಿ. ಚೊಕ್ಕವಾದ ಮೈಮೇಲೆ ಅದು ಹರಡುತ್ತದೆ; ಗುಂಡಗೆ ನಿಂತಲ್ಲಿ ಪೊರೆ ಇನ್ನೂ ಇದೆ. ಹೊಸ ಟ್ಯೂಬು ಕೊಳ್ಳುವಾಗ, ಫರಸಿಗೆ ತಾಗುವ ಜಾಗವಾದರೆ ಸಿರ್ಕಾ ವಾಸನೆಯದು ಬೇಡ. ನ್ಯೂಟ್ರಲ್ ಎಂದು ಬರೆದದ್ದನ್ನು ಕೇಳಿ ತನ್ನಿ. ಅಷ್ಟು ಆಮ್ಲಕ್ಕೂ ನಮ್ಮ ಸುಣ್ಣದ ಕಲ್ಲು ಸವೆಯುತ್ತದೆ.