ಬೆಂಚ್ ಮೇಲೆ ಕೂತವರಿಗೆ ಮಾರ್ಕ್ಸ್ ಕೊಡೋದು ಹೇಗೆ?

2023ರ ಜನವರಿ 29, ಭಾನುವಾರ ಮಧ್ಯಾಹ್ನ. ಕ್ಯಾಲಿಫೋರ್ನಿಯಾದ ಸಾಂತಾ ಕ್ಲಾರಾದಲ್ಲಿ ಗೆಳೆಯನ ಮನೆಯ ಟಿವಿ ಮುಂದೆ ನಾವು ಏಳೆಂಟು ಕನ್ನಡಿಗರು ಒಗ್ಗರಣೆ ಮಂಡಕ್ಕಿ ಹಿಡಿದು ಕೂತಿದ್ದೆವು. ಇಲ್ಲೇ ನಮ್ಮೂರಲ್ಲೇ ಸ್ಟೇಡಿಯಂ ಇರುವ ಸ್ಯಾನ್ ಫ್ರಾನ್ಸಿಸ್ಕೋ ಫಾರ್ಟಿನೈನರ್ಸ್ ತಂಡ, ಫಿಲಡೆಲ್ಫಿಯಾದಲ್ಲಿ ಈಗಲ್ಸ್ ವಿರುದ್ಧ ಆಡುತ್ತಿತ್ತು. ಗೆದ್ದರೆ ಸೂಪರ್ ಬೌಲ್.

ಆಟ ಶುರುವಾಗಿ ಸ್ವಲ್ಪ ಹೊತ್ತಿಗೇ ನಮ್ಮ ಕ್ವಾರ್ಟರ್‌ಬ್ಯಾಕ್ ಬ್ರಾಕ್ ಪರ್ಡಿಯ ಮೊಣಕೈಗೆ ಪೆಟ್ಟಾಯಿತು. ಬದಲಿಗೆ ಬಂದ ಜಾಶ್ ಜಾನ್ಸನ್ ಕೂಡ ತಲೆಗೆ ಏಟು ಬಿದ್ದು ಹೊರಹೋದ. ಮೂರನೆಯವನೇ ಇಲ್ಲ! ಚೆಂಡು ಎಸೆಯಲಾಗದ ಪರ್ಡಿಯೇ ವಾಪಸ್ ಬಂದು ನಿಂತ. 31-7ರಿಂದ ಸೋತೆವು. ಮನೆಯಲ್ಲಿ ಯಾರಿಗೂ ಮಾತಾಡೋ ಮನಸ್ಸಿರಲಿಲ್ಲ.

ಈ ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಅಮೆರಿಕನ್ ಫುಟ್‌ಬಾಲ್‌ನಲ್ಲಿ ಹೆಚ್ಚುಕಡಿಮೆ ಪ್ರತಿ ದಾಳಿಯೂ ಕ್ವಾರ್ಟರ್‌ಬ್ಯಾಕ್ ಕೈಯಿಂದಲೇ ಶುರು. ಎದುರಾಳಿ ಹೇಗೆ ನಿಂತಿದ್ದಾರೆ, ಚೆಂಡು ಯಾರಿಗೆ ಎಸೀಬೇಕು ಅಂತ ಎರಡು ಮೂರು ಸೆಕೆಂಡಿನಲ್ಲಿ ತೀರ್ಮಾನಿಸಬೇಕು. ಜಾಗ ಒಂದೇ. ಕ್ರಿಕೆಟ್ ತಂಡದ ಎರಡನೇ ವಿಕೆಟ್‌ಕೀಪರ್ ಥರ, ಎರಡನೇ ಕ್ವಾರ್ಟರ್‌ಬ್ಯಾಕ್‌ಗೆ ಇಡೀ ವರ್ಷ ಅವಕಾಶವೇ ಬರದಿರಬಹುದು. ಬಂದರೆ ಐದು ನಿಮಿಷದ ನೋಟಿಸ್ ಕೂಡ ಇರಲ್ಲ.

ಹಾಗಾದರೆ ಆಡದವನ ಯೋಗ್ಯತೆ ಅಳೆಯೋದು ಹೇಗೆ?

ಲೀಗ್ ಶುರುವಾಗುವ ಮುಂಚೆ ನಡೆಯುವ ಮೂರು ಪ್ರೀಸೀಸನ್ ಪಂದ್ಯಗಳಲ್ಲಿ ಇವರಿಗೆ ಆಟ ಸಿಗುತ್ತದೆ. ಆದರೆ ಅಲ್ಲಿ ಎದುರಾಳಿ ತಂಡದವರೂ ಹೆಚ್ಚಾಗಿ ಎರಡನೇ, ಮೂರನೇ ಸಾಲಿನವರೇ. ಅಲ್ಲಿನ ಅಂಕಿಅಂಶ ನೋಡಿ ಹಿಗ್ಗಿದರೆ ಮೋಸ ಹೋಗ್ತೀವಿ. ಲೀಗ್ ಶುರುವಾದ ಮೇಲೆ ಅಭ್ಯಾಸದ ಬಹುಪಾಲು ಮೊದಲನೆಯವನಿಗೇ. ಬ್ಯಾಕಪ್‌ನ ಪಾಲಿಗೆ ಬರುವುದು ಮುಂದಿನ ವಾರದ ಎದುರಾಳಿ ಕ್ವಾರ್ಟರ್‌ಬ್ಯಾಕ್‌ನ ಪಾತ್ರ. ತನ್ನ ತಂಡದ ಡಿಫೆನ್ಸ್ ತಯಾರಾಗಲಿ ಅಂತ ಬೇರೆಯವನ ಆಟ ಆಡಬೇಕು!

ಅದಕ್ಕೇ ಒಳ್ಳೆಯ ಕೋಚ್‌ಗಳು ಸ್ಕೋರ್ ಬಿಟ್ಟು ಸಣ್ಣಪುಟ್ಟದ್ದನ್ನು ನೋಡ್ತಾರೆ. ಉದ್ದದ ಆಟದ ಕರೆಯನ್ನು ತಡವರಿಸದೆ ಹೇಳ್ತಾನಾ? ಮೊದಲ ಆಯ್ಕೆ ಮುಚ್ಚಿಹೋದರೆ ಎರಡನೆಯದನ್ನು ಎಷ್ಟು ಬೇಗ ಹುಡುಕ್ತಾನೆ? ನಿನ್ನೆ ಮಾಡಿದ ತಪ್ಪನ್ನೇ ಇವತ್ತೂ ಮಾಡಿದನಾ? ಪಂದ್ಯದ ನಡುವೆ ಮೊದಲನೆಯವನ ಪಕ್ಕ ಕೂತು ಟ್ಯಾಬ್ಲೆಟ್‌ನಲ್ಲಿ ಚಿತ್ರ ನೋಡುವಾಗ ಅವನ ಕಣ್ಣಿಗೆ ಏನು ಬೀಳುತ್ತೆ?

ಪರ್ಡಿಯ ಕಥೆಯೇ ಇದಕ್ಕೆ ಉದಾಹರಣೆ. 2021ರ ಡ್ರಾಫ್ಟ್‌ನಲ್ಲಿ ಫಾರ್ಟಿನೈನರ್ಸ್ ಮುಂದಿನ ವರ್ಷಗಳ ಮೊದಲ ಸುತ್ತಿನ ಆಯ್ಕೆಗಳನ್ನೂ ಬಿಟ್ಟುಕೊಟ್ಟು, 3ನೇ ಆಯ್ಕೆಯಾಗಿ ಟ್ರೇ ಲ್ಯಾನ್ಸ್‌ನನ್ನು ತಂದಿತು. ಪ್ರತಿಭಾವಂತ, ಆದರೆ ಕಾಲೇಜಿನಲ್ಲಿ ಪೂರ್ತಿಯಾಗಿ ಆಡಿದ್ದು ಒಂದೇ ಸೀಸನ್. ಪರ್ಡಿ 2022ರ ಡ್ರಾಫ್ಟ್‌ನ ಕೊನೆಯ, 262ನೇ ಆಯ್ಕೆ. ಕೊನೆಗೆ ಬಂದವನನ್ನು ಅಲ್ಲಿ ‘ಮಿಸ್ಟರ್ ಇರ್ರೆಲವೆಂಟ್’ ಅಂತ ತಮಾಷೆ ಮಾಡ್ತಾರೆ. ಆದರೆ ಅವನು ಅಯೋವಾ ಸ್ಟೇಟ್‌ನಲ್ಲಿ ನಾಲ್ಕು ಸೀಸನ್ ಆಡಿ ಬಂದಿದ್ದ. ಆ ವರ್ಷ ಮೊದಲು ಲ್ಯಾನ್ಸ್, ಡಿಸೆಂಬರ್‌ನಲ್ಲಿ ಜಿಮ್ಮಿ ಗರೊಪೊಲೊ ಗಾಯಗೊಂಡಾಗ ಪರ್ಡಿ ಬಂದ, ಆ ಲೀಗ್ ಮುಗಿಯುವವರೆಗೆ ತಂಡ ಸೋಲಲೇ ಇಲ್ಲ. ಮುಂದಿನ ಸೀಸನ್‌ನಲ್ಲಿ ತಂಡವನ್ನು ಸೂಪರ್ ಬೌಲ್‌ವರೆಗೂ ಒಯ್ದ.

ಕೂರಿಸೋದು ಬೇರೆ, ಬೆಳೆಸೋದು ಬೇರೆ ಅನ್ನೋದಕ್ಕೂ ಉದಾಹರಣೆಗಳಿವೆ. ಪ್ಯಾಟ್ರಿಕ್ ಮಹೋಮ್ಸ್ 2017ರಲ್ಲಿ ಅಲೆಕ್ಸ್ ಸ್ಮಿತ್ ಹಿಂದೆ ಕೂತು ಕಲಿತ, ಲೀಗ್‌ನ ಕೊನೆಯ ಪಂದ್ಯ ಮಾತ್ರ ಆಡಿದ. ಮರುವರ್ಷ 50 ಟಚ್‌ಡೌನ್ ಪಾಸ್ ಎಸೆದು ಎಂವಿಪಿ ಆದ. ಅದೇ 2017ರ ಡಿಸೆಂಬರ್‌ನಲ್ಲಿ ಈಗಲ್ಸ್‌ನ ಕಾರ್ಸನ್ ವೆಂಟ್ಜ್ ಮಂಡಿಗೆ ಗಾಯ ಮಾಡಿಕೊಂಡಾಗ ನಿಕ್ ಫೋಲ್ಸ್ ಬಂದ. ಕೋಚ್ ಡಗ್ ಪೀಡರ್ಸನ್ ಒಂದು ಕಾಲಕ್ಕೆ ತಾನೇ ಬ್ರೆಟ್ ಫಾರ್ವ್‌ನ ಬ್ಯಾಕಪ್ ಆಗಿದ್ದವರು. ವೆಂಟ್ಜ್‌ನ ಅಳತೆಯ ಅಂಗಿಯನ್ನು ಫೋಲ್ಸ್‌ಗೆ ತೊಡಿಸಲು ಹೋಗದೆ, ಫೋಲ್ಸ್‌ಗೆ ಒಗ್ಗುವ ಆಟ ಕಟ್ಟಿದರು. 2018ರ ಫೆಬ್ರವರಿಯ ಸೂಪರ್ ಬೌಲ್‌ನಲ್ಲಿ ಈಗಲ್ಸ್ 41-33ರಿಂದ ಗೆದ್ದಿತು. ಫೋಲ್ಸ್‌ಗೇ ಪಂದ್ಯದ ಎಂವಿಪಿ.

ಇದನ್ನೆಲ್ಲ ಬಾಯಿಪಾಠ ಹೇಳುವ ನಾನು ಆಫೀಸಿನಲ್ಲಿ ಏನು ಮಾಡಿದ್ದೆ ಗೊತ್ತಾ?

ನಮ್ಮ ಸಿಸ್ಟಂ ರಾತ್ರಿ ಕೈಕೊಟ್ಟರೆ ಸರಿಮಾಡುವ ಮೊದಲಿಗ ನಾನು. ನನ್ನ ಜೂನಿಯರ್ ಹುಡುಗಿ ಎರಡನೆಯವಳು, ಕಾಗದದ ಮೇಲೆ ಮಾತ್ರ. ಎರಡು ವರ್ಷ, ತೊಂದರೆ ಬಂದಾಗಲೆಲ್ಲ ‘ಇರು, ನಾನೇ ನೋಡ್ತೀನಿ’ ಅಂತ ಕೀಬೋರ್ಡ್ ಎಳೆದುಕೊಂಡೆ. ಅಪ್ರೈಸಲ್ ಬಂದಾಗ ‘ಸ್ವತಂತ್ರವಾಗಿ ಕೆಲಸ ಮಾಡುವುದನ್ನು ಕಲಿಯಬೇಕು’ ಅಂತ ಬರೆದೆ.

ಆಮೇಲೆ ಹಾಸನದಲ್ಲಿ ಅಮ್ಮನಿಗೆ ದಿಢೀರನೆ ಆಪರೇಷನ್ ಆಯಿತು. ರಾತ್ರೋರಾತ್ರಿ ವಿಮಾನ ಹತ್ತಿದೆ. ನಾನು ಆಕಾಶದಲ್ಲಿದ್ದಾಗಲೇ ಸಿಸ್ಟಂ ಬಿತ್ತು. ಅವಳು ನಾಲ್ಕು ಗಂಟೆ ಒಬ್ಬಳೇ ಒದ್ದಾಡಿದ್ದಳು. ಫೋನ್ ಆನ್ ಮಾಡಿದರೆ ಅವಳ ಹನ್ನೊಂದು ಮೆಸೇಜ್. ಕೊನೆಯದು, ‘ಸಾರಿ ಅಣ್ಣಾ, ನನ್ನ ಕೈಲಾಗ್ಲಿಲ್ಲ.’

ಅಮ್ಮನ ಮಂಚದ ಪಕ್ಕ ಕೂತು ಅದನ್ನು ಮತ್ತೆ ಮತ್ತೆ ಓದಿದೆ. ಅವಳ ಕೈಗೆ ನಾನು ಚೆಂಡು ಕೊಟ್ಟೇ ಇರಲಿಲ್ಲವಲ್ಲ! ಕಮ್ಮಿ ಮಾರ್ಕ್ಸ್ ಬರಬೇಕಿದ್ದದ್ದು ಯಾರಿಗೆ?

2023ರಲ್ಲೇ ಎನ್‌ಎಫ್‌ಎಲ್ ತುರ್ತಿಗೆಂದು ಮೂರನೇ ಕ್ವಾರ್ಟರ್‌ಬ್ಯಾಕ್ ಇಟ್ಟುಕೊಳ್ಳುವ ನಿಯಮ ತಂದಿತು. ನಾನೂ ಅಮೆರಿಕಕ್ಕೆ ವಾಪಸಾದ ಮೇಲೆ ನಿಯಮ ಬದಲಿಸಿದೆ. ಈಗ ವಾರದಲ್ಲಿ ಎರಡು ದಿನ ಅವಳೇ ಮೊದಲಿಗಳು. ಬೇಕಂತಲೇ ಟೆಸ್ಟ್ ಸಿಸ್ಟಂ ಕೆಡಿಸಿ ಅವಳ ಕೈಗೆ ಕೊಡ್ತೀನಿ. ಅವಳ ಅಪ್ರೈಸಲ್‌ನಲ್ಲಿ ಬರೆದಿದ್ದ ಆ ಸಾಲು ನನ್ನದೇ ತಪ್ಪು ಅಂತ ಮ್ಯಾನೇಜರ್‌ಗೂ ಹೇಳಿದೆ.

ಹೋದ ತಿಂಗಳು ನಿಜವಾಗಿಯೇ ಕೆಟ್ಟಾಗ ಪಕ್ಕದಲ್ಲಿ ಕೈಕಟ್ಟಿ ಕೂತಿದ್ದೆ. ನಾನಾಗಿದ್ದರೆ ಹತ್ತು ನಿಮಿಷದ ಕೆಲಸ, ಅವಳಿಗೆ ನಲವತ್ತು ನಿಮಿಷ ಹಿಡಿಯಿತು. ನನ್ನ ಕೈ ಕೀಬೋರ್ಡಿನ ಕಡೆ ಎರಡು ಸಲ ಹೋಗಿ ವಾಪಸ್ ಬಂತು.

ಅಂದಹಾಗೆ, ಅಮ್ಮ ಈಗ ಆರಾಮಾಗಿದ್ದಾರೆ. ದೀಪಾವಳಿಗೆ ಊರಿಗೆ ಟಿಕೆಟ್ ಬುಕ್ ಮಾಡಿದ್ದೀನಿ. ಈ ಸಲ ಲ್ಯಾಪ್‌ಟಾಪ್ ಇಲ್ಲೇ ಬಿಟ್ಟುಹೋಗ್ತೀನಿ.