ಲೇಹ್ ಪ್ರವಾಸಕ್ಕೆ ತಕ್ಕ ಕಾಲ

ಲಡಾಖಿನ ಲೇಹ್ ನಗರ ಸಮುದ್ರಮಟ್ಟದಿಂದ ಸುಮಾರು 3,500 ಮೀಟರ್ ಎತ್ತರದಲ್ಲಿ, ಸಿಂಧೂ ನದಿಯ ಕಣಿವೆಯಲ್ಲಿದೆ. ಕರ್ನಾಟಕದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ 1,930 ಮೀಟರ್ ಮಾತ್ರ. ಇಷ್ಟು ಎತ್ತರದ ಊರಿಗೆ ಹೋಗುವ ಕಾಲವನ್ನು ಬರೀ ಹವೆ ನೋಡಿ ಗೊತ್ತು ಮಾಡಲಾಗದು. ರಸ್ತೆ ತೆರೆದಿದೆಯೇ, ದೇಹ ಅಲ್ಲಿನ ತೆಳು ಗಾಳಿಗೆ ಒಗ್ಗಲು ಸಮಯವಿದೆಯೇ ಎಂಬುದನ್ನೂ ನೋಡಬೇಕು.

ಹಿಮಾಲಯದ ಸಾಲು ಮುಂಗಾರಿನ ಮೋಡಗಳನ್ನು ದಕ್ಷಿಣದಲ್ಲೇ ತಡೆಯುವುದರಿಂದ ಲೇಹ್ ಮಳೆನೆರಳಿನ ಶೀತ ಮರುಭೂಮಿಯಾಗಿದೆ. ವರ್ಷವಿಡೀ ಬೀಳುವ ಮಳೆ, ಹಿಮ ಎರಡೂ ಸೇರಿದರೆ ಸುಮಾರು 100 ಮಿಲಿಮೀಟರ್. ಹಾಗಾಗಿ ಮಲೆನಾಡಿನಲ್ಲಿ ಜಡಿಮಳೆ ಹಿಡಿಯುವ ಜುಲೈ, ಆಗಸ್ಟ್ ತಿಂಗಳುಗಳಲ್ಲೇ ಲೇಹ್‌ನಲ್ಲಿ ಪ್ರವಾಸಿಗರು ತುಂಬಿರುತ್ತಾರೆ.

ಏಪ್ರಿಲ್‌ನಲ್ಲಿ ಚಳಿ ಸಡಿಲಗೊಂಡು, ಸಿಂಧೂ ಕೆಳಗೆ ಹರಿದುಹೋಗುವ ದಿಕ್ಕಿನ ಹಳ್ಳಿಗಳಲ್ಲಿ ಏಪ್ರಿಕಾಟ್ ಮರಗಳು ಹೂಬಿಡುತ್ತವೆ. ಜನಸಂದಣಿ ಇರುವುದಿಲ್ಲ. ಆದರೆ ರಾತ್ರಿ ನೀರು ಹೆಪ್ಪುಗಟ್ಟುವಷ್ಟು ಚಳಿ, ಮನಾಲಿಯ ರಸ್ತೆಯೂ ಸಾಮಾನ್ಯವಾಗಿ ಹಿಮದಲ್ಲಿ ಹೂತಿರುತ್ತದೆ.

ಜೂನ್‌ನಿಂದ ಆಗಸ್ಟ್‌ವರೆಗೆ ಹಗಲಿನ ಉಷ್ಣಾಂಶ 25 ಡಿಗ್ರಿಯ ಆಸುಪಾಸಿಗೆ ಏರುತ್ತದೆ. ಶ್ರೀನಗರ, ಮನಾಲಿಗಳ ರಸ್ತೆಗಳೆರಡೂ ತೆರೆದಿರುತ್ತವೆ. ಹೆಮಿಸ್ ಬೌದ್ಧ ವಿಹಾರದ ಮುಖವಾಡ ನೃತ್ಯದ ಉತ್ಸವ ನಡೆಯುವುದೂ ಜೂನ್ ಅಥವಾ ಜುಲೈನಲ್ಲಿ. ಹೋಟೆಲು, ಬಾಡಿಗೆ ಕಾರುಗಳ ದರ ಆಗ ಏರುತ್ತದೆ. ನೀರಿಗೆ ಮೊದಲೇ ಬರವಿರುವ ಊರಿನ ಮೇಲೆ ಒತ್ತಡವೂ ಹೆಚ್ಚುತ್ತದೆ. ಮಳೆ ಅಪರೂಪವೇ ಹೊರತು ಇಲ್ಲವೇ ಇಲ್ಲವೆಂದಲ್ಲ. 2010ರ ಆಗಸ್ಟ್‌ನಲ್ಲಿ ಮೇಘಸ್ಫೋಟದಿಂದ ನುಗ್ಗಿದ ಕೆಸರಿನ ಪ್ರವಾಹ ನೂರಾರು ಜನರನ್ನು ಬಲಿ ತೆಗೆದುಕೊಂಡಿತು. ಮರಗಿಡಗಳಿಲ್ಲದ ಬೋಳು ಬೆಟ್ಟಗಳಲ್ಲಿ ನೀರನ್ನು ಹಿಡಿದಿಡುವಂಥದ್ದೇನೂ ಇರುವುದಿಲ್ಲ.

ಸೆಪ್ಟೆಂಬರ್‌ನಲ್ಲಿ ಆಕಾಶ ತಿಳಿಯಾಗಿರುತ್ತದೆ, ಬಾರ್ಲಿಯ ಕೊಯ್ಲು ನಡೆದಿರುತ್ತದೆ, ಜನಸಂದಣಿ ಇಳಿಯುತ್ತದೆ. ಹಗಲು ಹಿತವಾದ ಬಿಸಿಲು, ರಾತ್ರಿ ಉಣ್ಣೆಯ ಬಟ್ಟೆ ಬೇಡುವ ಚಳಿ. ಲಡಾಖ್ ಉತ್ಸವವೂ ಈ ತಿಂಗಳಲ್ಲೇ. ಅಕ್ಟೋಬರ್‌ನಲ್ಲಿ ಪಾಪ್ಲರ್ ಮರಗಳು ಹಳದಿಯಾಗುತ್ತವೆ. ರಾತ್ರಿಯ ಉಷ್ಣಾಂಶ ಸೊನ್ನೆಗಿಂತ ಕೆಳಗಿಳಿಯತೊಡಗುತ್ತದೆ.

ಜನವರಿಯಲ್ಲಿ ರಾತ್ರಿಯ ಉಷ್ಣಾಂಶ ಮೈನಸ್ 15 ಡಿಗ್ರಿಗೂ ಕೆಳಗೆ ಹೋಗುವುದುಂಟು. ಕೊಳಾಯಿಗಳು ಹೆಪ್ಪುಗಟ್ಟುತ್ತವೆ, ಬಹುಪಾಲು ಹೋಟೆಲುಗಳು ಬಾಗಿಲು ಹಾಕುತ್ತವೆ, ತೆರೆದಿರುವ ಮನೆಗಳಲ್ಲಿ ಬುಖಾರಿ ಒಲೆಯ ಸುತ್ತಲೇ ಬದುಕು. ವಿಮಾನ ಸಂಚಾರ ವರ್ಷವಿಡೀ ಇದ್ದರೂ ಹಿಮ ಬಿದ್ದ ದಿನ ರದ್ದಾಗಬಹುದು; ಒಂದೆರಡು ದಿನ ಕೈಯಲ್ಲಿರಬೇಕು. ಹಿಮಚಿರತೆ ನೋಡಬಯಸುವವರಿಗೆ ಮಾತ್ರ ಇದೇ ಸರಿಯಾದ ಕಾಲ. ಎತ್ತರದ ಇಳಿಜಾರುಗಳನ್ನು ಹಿಮ ಮುಚ್ಚಿದಾಗ ಕಾಡುಕುರಿಗಳು ಮೇವಿಗಾಗಿ ಕೆಳಗಿಳಿಯುತ್ತವೆ, ಅವುಗಳ ಬೆನ್ನುಹತ್ತಿ ಚಿರತೆಯೂ ಬರುತ್ತದೆ.

ಯಾವ ತಿಂಗಳಾದರೂ ಲೇಹ್‌ನ ಗಾಳಿಯ ಒತ್ತಡ ಸಮುದ್ರಮಟ್ಟದ ಒತ್ತಡದ ಮೂರನೇ ಎರಡರಷ್ಟೇ. ಒಂದೊಂದು ಉಸಿರಿಗೂ ಸಿಗುವ ಆಮ್ಲಜನಕ ಅಷ್ಟೇ ಕಡಿಮೆ. ತಲೆನೋವು, ವಾಕರಿಕೆ, ನಿದ್ದೆ ಬಾರದಿರುವುದು ಎತ್ತರದ ಕಾಯಿಲೆಯ ಮೊದಲ ಲಕ್ಷಣಗಳು. ವಿಮಾನದಲ್ಲಿ ಬಂದಿಳಿದವರು ಮೊದಲ ಎರಡು ದಿನ ವಿಶ್ರಾಂತಿ ಪಡೆಯಲೇಬೇಕು. ಅದಾದ ಮೇಲಷ್ಟೇ 5,300 ಮೀಟರ್ ಮೀರಿದ ಖರ್ದುಂಗ್ ಲಾ ಕಣಿವೆದಾರಿಯೋ ಪ್ಯಾಂಗಾಂಗ್ ಸರೋವರವೋ. ಕೂತಲ್ಲೇ ಉಸಿರು ಕಟ್ಟಿದರೆ, ನಡಿಗೆ ತಡವರಿಸಿದರೆ ಕೂಡಲೇ ಆಸ್ಪತ್ರೆಗೆ ಹೋಗಿ, ಕೆಳಗಿನ ಊರಿಗೆ ಇಳಿಯಬೇಕು. ಹೃದಯ, ಶ್ವಾಸಕೋಶದ ತೊಂದರೆ ಇರುವವರು ಹೊರಡುವ ಮುನ್ನವೇ ವೈದ್ಯರನ್ನು ಕಾಣುವುದು ಕ್ಷೇಮ.

ಬೇಸಿಗೆಯ ದೊಡ್ಡ ಅನುಕೂಲ ಇರುವುದು ಇಲ್ಲಿ. ಶ್ರೀನಗರದಿಂದ ಹೊರಟು ಸುಮಾರು 2,700 ಮೀಟರ್ ಎತ್ತರದ ಕಾರ್ಗಿಲ್‌ನಲ್ಲಿ ತಂಗಿದರೆ ದೇಹ ಹಂತಹಂತವಾಗಿ ಒಗ್ಗುತ್ತದೆ. ಮನಾಲಿಯ ದಾರಿಯಲ್ಲಿ ಹಲವರು ತಂಗುವ ಸರ್ಚು ಲೇಹ್‌ಗಿಂತಲೂ ಎತ್ತರದಲ್ಲಿದೆ. ಆದ್ದರಿಂದ ಶ್ರೀನಗರದ ಕಡೆಯಿಂದ ಹೋಗಿ ಮನಾಲಿಯ ಕಡೆಯಿಂದ ಮರಳುವುದೇ ಜಾಣತನ.

ಮೊದಲ ಬಾರಿ ಹೋಗುವವರಿಗೆ, ಮಕ್ಕಳು ಹಿರಿಯರೊಡನೆ ಹೊರಟವರಿಗೆ ಸೆಪ್ಟೆಂಬರ್‌ನ ಮೊದಲ ಮೂರು ವಾರಗಳು ಎಲ್ಲಕ್ಕಿಂತ ಸೂಕ್ತ. ಶಾಲೆಯ ರಜೆಗೆ ಕಟ್ಟುಬಿದ್ದವರು ಮೇ ಕೊನೆಯ ವಾರ ಆರಿಸಿಕೊಳ್ಳಬಹುದು. ಕೈಯಲ್ಲಿ ಏಳು ದಿನಗಳೂ ಇಲ್ಲದಿದ್ದರೆ, ಯಾವ ಕಾಲವಾದರೂ ಪ್ರವಾಸವನ್ನು ಮುಂದೂಡುವುದೇ ಲೇಸು.