ಡೆಮು ರೈಲಿಗೆ ಬ್ಯಾಟರಿ ಸೈಕಲ್ಲಿನ ಜೊತೆ

ಕಲಬುರಗಿಯಿಂದ ಕಮಲಾಪುರಕ್ಕೆ ರಸ್ತೆಯಲ್ಲಿ ಹೆಚ್ಚೂಕಡಿಮೆ 35 ಕಿಲೋಮೀಟರ್. ಹುಮನಾಬಾದ್ ಕಡೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 50, ಅಕ್ಕಪಕ್ಕ ತೊಗರಿ ಹೊಲ, ಎದುರಿಗೆ ಲಾರಿಗಳ ಸಾಲು. ಬ್ಯಾಟರಿ ಸೈಕಲ್ ಕೊಂಡವರ ತಲೆಯಲ್ಲಿ ಮೊದಲು ಸುಳಿಯುವ ಪ್ರಶ್ನೆ ಈ ರಸ್ತೆಯದೇ: ಒಂದು ಚಾರ್ಜಿನಲ್ಲಿ ಕಮಲಾಪುರ ಮುಟ್ಟೀತೆ?

ಮುಟ್ಟೀತು, ಅದೇ ಚಾರ್ಜಿನಲ್ಲಿ ಮರಳಿ ಬರುವುದು ಮಾತ್ರ ಕಷ್ಟ. 36 ವೋಲ್ಟ್, 10 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಹಿಡಿಯುವ ಶಕ್ತಿ 360 ವಾಟ್-ಅವರ್. ಪೆಡಲ್ ತುಳಿಯುತ್ತ ಹೋದರೂ ಕಿಲೋಮೀಟರಿಗೆ ಸುಮಾರು 10 ವಾಟ್-ಅವರ್ ಖರ್ಚಾಗುತ್ತದೆ. ವೇಗಕ್ಕೂ ಮಿತಿಯಿದೆ. ಮೋಟಾರು 250 ವಾಟ್ ಒಳಗಿದ್ದು ಗಂಟೆಗೆ 25 ಕಿಲೋಮೀಟರ್ ದಾಟದಿದ್ದರೆ ಮಾತ್ರ ನೋಂದಣಿ, ಲೈಸೆನ್ಸುಗಳ ಗೊಡವೆಯಿಲ್ಲ ಎನ್ನುತ್ತದೆ ನಿಯಮ. ಆ ವೇಗದಲ್ಲಿ ಕಮಲಾಪುರಕ್ಕೆ ಒಂದೂವರೆ ತಾಸು ಬೇಕು. ಹೆದ್ದಾರಿಯಲ್ಲಿ ಲಾರಿಗಳ ಮಗ್ಗುಲಲ್ಲಿ ಆ ಒಂದೂವರೆ ತಾಸು ಯಾರಿಗೂ ಕ್ಷೇಮವಲ್ಲ.

ದೂರದ ಹಾದಿಗೆ ರೈಲು, ಮನೆಯಿಂದ ನಿಲ್ದಾಣದ ತನಕ ಸೈಕಲ್. ಈ ಜೋಡಿಯನ್ನು ಸಾಧ್ಯ ಮಾಡಿದ್ದು ಬೀದರ್–ಕಲಬುರಗಿ ಮಾರ್ಗ. 110 ಕಿಲೋಮೀಟರಿನ ಈ ಹಳಿಗಾಗಿ ಎರಡು ಜಿಲ್ಲೆಗಳ ಜನ ಸುಮಾರು ಎರಡು ದಶಕ ಕಾದರು. ಮರಗುತ್ತಿ ಬಳಿ ಗುಡ್ಡ ಕೊರೆದು ಒಂದೂವರೆ ಕಿಲೋಮೀಟರಿಗಿಂತ ಉದ್ದದ ಸುರಂಗ ಮಾಡಬೇಕಾಯಿತು. 2017ರ ಅಕ್ಟೋಬರ್ 29ರಂದು ಪ್ರಧಾನಿ ನರೇಂದ್ರ ಮೋದಿ ಬೀದರಿನಲ್ಲಿ ಮಾರ್ಗವನ್ನು ಉದ್ಘಾಟಿಸಿದರು. ಕೆಂಪು ಬಾಳೆಯಿಂದ ಹೆಸರಾದ, ಆ ಬಾಳೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆಯನ್ನೂ ಪಡೆದ ಕಮಲಾಪುರಕ್ಕೆ ರೈಲು ಬಂದಿತು. ಆಮೇಲೆ ಊರು ತಾಲ್ಲೂಕು ಕೇಂದ್ರವೂ ಆಯಿತು. ತಾಲ್ಲೂಕಾದ ಮೇಲೆ ಕಚೇರಿಗಳು ಬರುತ್ತವೆ, ಕಚೇರಿಯ ಹಿಂದೆಯೇ ಜಿಲ್ಲಾ ಕೇಂದ್ರದಲ್ಲಿ ಮನೆ ಮಾಡಿಕೊಂಡು ದಿನಾ ಓಡಾಡುವ ನೌಕರರೂ ಬರುತ್ತಾರೆ. ಬ್ಯಾಟರಿ ಸೈಕಲ್ ಹೆಚ್ಚು ಒದಗುವುದು ಇಂಥವರಿಗೆ.

ನಗರದೊಳಗಿನ ಲೆಕ್ಕವೂ ಹಗುರ. ಮನೆಯಿಂದ ನಿಲ್ದಾಣಕ್ಕೆ 5 ಕಿಲೋಮೀಟರ್ ಎಂದಿಟ್ಟುಕೊಂಡರೆ ಹೋಗಿ ಬರಲು 100 ವಾಟ್-ಅವರ್. ಹತ್ತು ದಿನದ ಓಡಾಟಕ್ಕೆ ಒಂದು ಯೂನಿಟ್ಟು, ಚಾರ್ಜರಿನಲ್ಲಿ ಸೋರುವುದನ್ನು ಸೇರಿಸಿದರೆ ಚೂರು ಹೆಚ್ಚು. ಮನೆಗಳಿಗೆ ತಿಂಗಳಿಗೆ 200 ಯೂನಿಟ್ಟಿನ ಮಿತಿಯೊಳಗೆ ಉಚಿತ ವಿದ್ಯುತ್ ಕೊಡುವ ಗೃಹಜ್ಯೋತಿಗೆ 2023ರ ಆಗಸ್ಟ್ 5ರಂದು ಚಾಲನೆ ಸಿಕ್ಕಿದ್ದು ಇದೇ ಕಲಬುರಗಿಯಲ್ಲಿ. ಮೀಟರಿನ ಮೇಲೆ ಸೈಕಲ್ಲಿನ ಭಾರ ಕಾಣುವುದೇ ಇಲ್ಲ. ಮಂಡಿನೋವಿನವರೂ ಸೀರೆಯುಟ್ಟ ಶಿಕ್ಷಕಿಯರೂ ಬೆವರಿಳಿಸದೆ ನಿಲ್ದಾಣ ಸೇರಬಹುದು, ಬೆಳಗಿನ ಗಡಿಬಿಡಿಯಲ್ಲಿ ತುಂಬಿದ ಟಂಟಂ ಆಟೊಗೆ ಕಾಯಬೇಕಿಲ್ಲ.

ಸೈಕಲ್ಲನ್ನೇ ರೈಲಿಗೆ ಹತ್ತಿಸಿದರೆ ಹೇಗೆ? ಬೋಗಿಯೊಳಗೆ ಒಯ್ಯಬಹುದಾದ ಪೆಟ್ಟಿಗೆಯ ಅಳತೆ 100 ಸೆಂಟಿಮೀಟರ್ ಉದ್ದ, 60 ಅಗಲ, 25 ದಪ್ಪ. ಸಾಧಾರಣ ಸೈಕಲ್ ಇದಕ್ಕೆ ಒಗ್ಗದು. ಪಾರ್ಸೆಲ್ ಕಚೇರಿಯಲ್ಲಿ ಬುಕ್ ಮಾಡುವ ಪದ್ಧತಿ ದೂರದ ಊರಿಗೆ ವರ್ಗವಾಗಿ ಹೋಗುವವರಿಗೆ ಸರಿ, ದಿನದ ಪಯಣಕ್ಕಲ್ಲ. ಬೆಂಗಳೂರಿನ ನಮ್ಮ ಮೆಟ್ರೊ 2020ರಲ್ಲಿ ಮಡಚುವ ಸೈಕಲ್ಲುಗಳಿಗೆ ಅವಕಾಶ ಕೊಟ್ಟಿತು. ಆದರೆ ಬ್ಯಾಟರಿಯಿರುವ ಮಡಚುವ ಸೈಕಲ್ ಎಂದರೆ ಸಾಮಾನ್ಯವಾಗಿ 15 ಕಿಲೋಗಿಂತ ಭಾರ. ಅದನ್ನು ಎತ್ತಿಕೊಂಡು ಪಾದಚಾರಿ ಸೇತುವೆ ಹತ್ತಿಳಿಯುವ ತಾಕತ್ತು ಎಲ್ಲರಿಗೂ ಇರದು. ಹಾಗಾಗಿ ಸೈಕಲ್ ನಿಲ್ದಾಣದಲ್ಲೇ ಉಳಿಯಬೇಕು.

ಉಳಿಯುವುದೆಲ್ಲಿ ಎಂಬುದೇ ದೊಡ್ಡ ಮಾತು. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿಯ ಬಿಸಿಲು 40 ಡಿಗ್ರಿ ದಾಟುತ್ತದೆ. ಲೀಥಿಯಂ ಬ್ಯಾಟರಿಗೆ ಶಾಖವೇ ಶತ್ರು. 45 ಡಿಗ್ರಿ ಮೇಲೆ ಚಾರ್ಜ್ ಮಾಡಬೇಡಿ ಎಂದು ಹೆಚ್ಚಿನ ತಯಾರಕರು ಹೇಳುತ್ತಾರೆ, ಬಯಲಲ್ಲಿ ಬಿಸಿಲುಂಡು ನಿಂತ ಬ್ಯಾಟರಿಯ ಒಡಲು ಗಾಳಿಗಿಂತ ಬಿಸಿಯಾಗಿರುತ್ತದೆ. ಈ ಸೀಮೆಯಲ್ಲಿ ಕೊಳ್ಳುವವರು ಕೀಲಿ ತಿರುಗಿಸಿ ಬ್ಯಾಟರಿ ಕಳಚಬಹುದಾದ ಮಾದರಿಯನ್ನೇ ಆರಿಸುವುದು ಮೇಲು. ಕಳಚಿ ಚೀಲದಲ್ಲಿ ಒಯ್ದರೆ ಬಿಸಿಲಿನ ಭಯವೂ ಇಲ್ಲ, ಕಳ್ಳರ ಭಯವೂ ಕಡಿಮೆ. ಸಂಜೆ ಮನೆಗೆ ಬಂದ ಕೂಡಲೇ ಪ್ಲಗ್ಗಿಗೆ ಸಿಕ್ಕಿಸದೆ, ಆರಿದ ಮೇಲೆ, ಎಚ್ಚರವಿರುವ ಹೊತ್ತಿನಲ್ಲೇ ಚಾರ್ಜ್ ಮಾಡಬೇಕು.

ನೆದರ್‌ಲೆಂಡ್ಸಿನ ಉಟ್ರೆಕ್ಟ್ ನಿಲ್ದಾಣದ ಅಡಿಯಲ್ಲಿ 12,500 ಸೈಕಲ್ ನಿಲ್ಲಿಸುವ ಮೂರು ಅಂತಸ್ತಿನ ತಾಣವಿದೆ. ಆ ದೇಶದ ರೈಲು ಪ್ರಯಾಣಿಕರಲ್ಲಿ ಅರ್ಧದಷ್ಟು ಮಂದಿ ನಿಲ್ದಾಣಕ್ಕೆ ಬರುವುದು ಸೈಕಲ್ಲಿನಲ್ಲೇ. ಕಲಬುರಗಿ ನಿಲ್ದಾಣಕ್ಕೆ ಅಷ್ಟು ದೊಡ್ಡದು ಬೇಕಿಲ್ಲ. ತಗಡಿನ ನೆರಳು, ಚೌಕಟ್ಟನ್ನು ಬಿಗಿಯಲು ಕಬ್ಬಿಣದ ಕಂಬಿ, ಕಾವಲಿಗೆ ಒಬ್ಬ ಮನುಷ್ಯ ಇದ್ದರೆ ಸಾಕು. ಹುಮನಾಬಾದ್ ರಸ್ತೆ ಕಡೆಯ ಬಡಾವಣೆಯವರಿಗೆ ತಾಜ್ ಸುಲ್ತಾನಪುರ ನಿಲ್ದಾಣದಲ್ಲೂ ಅಷ್ಟೇ ವ್ಯವಸ್ಥೆ ಆಗಬೇಕು. ಕಮಲಾಪುರದಲ್ಲೊಂದು ಬಾಡಿಗೆ ಸೈಕಲ್ ಅಂಗಡಿ ಸೇರಿದರೆ ಎರಡೂ ತುದಿ ಕೂಡುತ್ತವೆ.

ಇನ್ನೊಂದು ತೊಡಕು ವೇಳೆಯದು. ಬೀದರ್ ಮಾರ್ಗದ ಡೆಮು ರೈಲುಗಳು ದಿನಕ್ಕೆ ಕೆಲವೇ. ಕಮಲಾಪುರದ ಕಚೇರಿಯಲ್ಲಿ ಕೆಲಸ ತಡವಾಯಿತೆಂದರೆ ರೈಲು ತಪ್ಪಿ ಕಲ್ಯಾಣ ಕರ್ನಾಟಕ ಸಾರಿಗೆಯ ಬಸ್ಸೇ ಗತಿ. ಶಕ್ತಿ ಯೋಜನೆಯಿಂದ ಬಸ್ಸು ಹೆಣ್ಣುಮಕ್ಕಳಿಗೆ ಉಚಿತವೂ ಹೌದು. ಆದರೆ ಬಸ್ ನಿಲ್ದಾಣ, ರೈಲ್ವೆ ನಿಲ್ದಾಣ ಅಕ್ಕಪಕ್ಕದಲ್ಲಿಲ್ಲ. ಬೆಳಿಗ್ಗೆ ರೈಲು ಹತ್ತುವಾಗ ಬಿಟ್ಟ ಸೈಕಲ್ ಒಂದು ಕಡೆ, ರಾತ್ರಿ ಬಸ್ಸಿಳಿದವರು ಇನ್ನೊಂದು ಕಡೆ. ರೈಲ್ವೆಯವರು, ಸಾರಿಗೆಯವರು, ಮಹಾನಗರ ಪಾಲಿಕೆಯವರು ಒಟ್ಟಿಗೆ ಕೂತು ವೇಳಾಪಟ್ಟಿಯನ್ನೂ ಸೈಕಲ್ ಸ್ಟ್ಯಾಂಡನ್ನೂ ಒಂದೇ ಕಡತದಲ್ಲಿ ನೋಡಬೇಕು. ಕಚೇರಿ ಬಿಡುವ ಹೊತ್ತಿಗೆ ಹೊಂದುವ ಸಂಜೆಯ ಒಂದು ರೈಲು ಆ ಕಡತದ ಮೊದಲ ಹಾಳೆಯಲ್ಲಿರಲಿ.